ಗೆರೆಯ ಮೇಲಿನ ಕೊಸರು

ನಮ್ಮತ್ತೆ ನಿಂಗಮ್ಮನವರಿಗೆ ಕೊಸರು ಹಾಕದೆ ಏನನ್ನೂ ಅಳೆಯಲು ಬರುತ್ತಿರಲಿಲ್ಲ. ಕಿಕ್ಕೇರಿಯ ನಮ್ಮ ಬೀದಿಯವರು ಹಾಲಿಗೆ ಬಂದರೆ, ಲೀಟರ್ ತುಂಬಿದ ಮೇಲೂ ಅವರ ಪಾತ್ರೆಗೆ ಇನ್ನೊಂದು ಗುಟುಕು ಸುರಿಯುವರು. ಸೇರಕ್ಕಿಯ ಮೇಲೆ ಒಂದು ಹಿಡಿ. ಬಾಣಲೆಗೆ ಎಣ್ಣೆ ಬಿಟ್ಟು ಸೌಟು ಎತ್ತಿದವರು ಮತ್ತೆ ಬಗ್ಗಿಸುವರು. ಸಾಕು ಬಿಡಿ ಅತ್ತೆ ಎಂದರೆ, “ಕೊಸರಿಲ್ದೆ ಕೊಡಾಕೆ ನಾನೇನು ಮಿಷಿನ್ನಾ?” ಎಂದು ನಗುವರು. ನನಗೋ ಮೈಯೆಲ್ಲ ಉರಿ. ಜಿಡ್ಡಾದ ಕಟ್ಟೆ ಒರೆಸುವವಳು ನಾನು ತಾನೇ.

ನನ್ನ ಮಗಳು ಸಿರಿಗೆ ಫಿಟ್ಸ್ ಶುರುವಾದ ಮೇಲೆ ಆ ನಗು ನಿಂತಿತು. ಯಾವ ಮಾತ್ರೆಗೂ ಅದು ಬಗ್ಗಲಿಲ್ಲ. ಕಡೆಗೆ ಮೈಸೂರಿನ ಡಾಕ್ಟರು ಅನ್ನ, ಬೆಲ್ಲ ಬಿಡಿಸಿ, ಎಣ್ಣೆ ಬೆಣ್ಣೆಯೇ ಹೆಚ್ಚಾಗಿರುವ ಪಥ್ಯ ಹೇಳಿದರು. ಹೊತ್ತಿಗೆ ಇಪ್ಪತ್ತು ಗ್ರಾಂ ಎಣ್ಣೆ, ಹೆಚ್ಚೂ ಬೇಡ ಕಡಿಮೆಯೂ ಬೇಡ, ತಪ್ಪಿದರೆ ಫಿಟ್ಸ್ ಮರಳಬಹುದು ಎಂದರು. ಪಥ್ಯ ಹಿಡಿಯಿತು, ಮಗು ಮತ್ತೆ ಬೀದಿಯಲ್ಲಿ ಆಡತೊಡಗಿತು. ಆದರೆ ನಮ್ಮ ಅಡುಗೆಮನೆಯಲ್ಲಿ ಹೆದರಿಕೆ ಠಿಕಾಣಿ ಹೂಡಿತು.

ಅತ್ತೆ ಎಣ್ಣೆ ಮುಟ್ಟುವುದನ್ನೇ ಬಿಟ್ಟರು. ನಾನು ಪುಟ್ಟ ತಕ್ಕಡಿಯಲ್ಲಿ ತೂಗುವಾಗ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಲ್ಲುವರು. ಚಳಿಯೇ ಎಂದು ಕೇಳಿದೆ.

“ಈ ಕೈ ನಂಬಂಗಿಲ್ಲ ಕಣವ್ವ. ಗೊತ್ತಿಲ್ದಂಗೆ ಒಸಿ ಕೊಸರು ಬಿದ್ಬುಟ್ರೆ ಮಗಿನ ಗತಿ ಏನಾಗ್ಬೇಕು?”

ಅಷ್ಟರಲ್ಲಿ ತಕ್ಕಡಿ ಕೆಟ್ಟಿತು. ಹೊಸದು ಬರುವ ತನಕ ಸಿರಿಗೆ ಔಷಧಿ ಕುಡಿಸುವ ಬಟ್ಟಲಲ್ಲೇ ಅಳೆದರಾಯಿತು ಎಂದುಕೊಂಡೆವು; ಅದರ ಮೇಲೆ ಎಂ.ಎಲ್. ಗೆರೆಗಳಿದ್ದವು. ಹಾಲು ಅಳೆದೇ ಬದುಕಿದ ಮನೆ ನಮ್ಮದು. ನಮಗೆ ಲೀಟರೆಂದರೆ ಕೆ.ಜಿ., ಕೆ.ಜಿ. ಎಂದರೆ ಲೀಟರು. ನಾನು ಕೆ.ಆರ್. ಪೇಟೆಗೆ ಕೆಲಸಕ್ಕೆ ಹೋದಾಗ ಅತ್ತೆಯೇ ಅಳೆಯಬೇಕಾಯಿತು. ಇಪ್ಪತ್ತರ ಗೆರೆ ಹತ್ತಿರವಾದಂತೆ ಉಸಿರು ಬಿಗಿಹಿಡಿಯುವರು. ಕೂದಲೆಳೆಯಷ್ಟು ದಾಟಿದರೂ ಹೂಬತ್ತಿ ಅದ್ದಿ ಹೀರಿ ತೆಗೆಯುವರು. ಆ ಬತ್ತಿ ದೇವರ ದೀಪಕ್ಕೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಫೋನ್ ಬಂತು. “ಮಗ ಬಿದ್ಬುಡ್ತು ಕಣವ್ವ, ಬಿರ್ನೆ ಬಾ.”

ಬಸ್ಸಿನಲ್ಲಿ ಹೇಗೆ ಕೂತೆನೋ ದೇವರಿಗೇ ಗೊತ್ತು. ಬಂದಾಗ ಫಿಟ್ಸ್ ನಿಂತು ಸಿರಿ ಸುಸ್ತಾಗಿ ಮಲಗಿದ್ದಳು. ಅತ್ತೆ ಬಟ್ಟಲನ್ನು ಮುಂದಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. “ಒಂದು ತೊಟ್ಟೂ ಕೊಸರು ಹಾಕ್ನಿಲ್ಲ, ಮಗಿನಾಣೆ,” ಎಂದರು.

ಡಾಕ್ಟರಿಗೆ ಫೋನ್ ಮಾಡಿದೆ. ಎಣ್ಣೆಯನ್ನು ಯಾವುದರಲ್ಲಿ ಅಳೆದಿರಿ ಎಂದು ಕೇಳಿದರು. ಹೇಳಿದೆ. ಎಣ್ಣೆ ನೀರಿಗಿಂತ ಹಗುರ, ಇಪ್ಪತ್ತು ಎಂ.ಎಲ್. ತೂಗಿದರೆ ಹದಿನೆಂಟು ಗ್ರಾಂ ಚಿಲ್ಲರೆ ಮಾತ್ರ, ನಿಮಗೆ ಇಪ್ಪತ್ತೆರಡು ಎಂ.ಎಲ್. ಬೇಕು ಎಂದರು. ಫಿಟ್ಸ್ ಅದಕ್ಕೇ ಬಂತೆಂದು ಖಂಡಿತ ಹೇಳಲಾಗದು, ಆದರೆ ಇನ್ನು ಮುಂದೆ ಕಡಿಮೆಯಾಗಬಾರದು ಎಂದೂ ಹೇಳಿದರು. ಎಣ್ಣೆ ಪ್ಯಾಕೆಟ್ಟು ತಿರುಗಿಸಿ ನೋಡಿದೆ. ಒಂದು ಲೀಟರ್, ಅದರ ಪಕ್ಕದಲ್ಲೇ ೯೧೦ ಗ್ರಾಂ. ದಿನಾ ಕಣ್ಣೆದುರೇ ಇತ್ತು.

ಅತ್ತೆಗೆ ಹೇಳಿದಾಗ ಬಟ್ಟಲನ್ನು ಎತ್ತಿ ಇಪ್ಪತ್ತರ ಗೆರೆಯ ಮೇಲೆ ಬೆರಳಿಟ್ಟರು.

“ಅಂಗಾದ್ರೆ ಗೆರೆ ಮ್ಯಾಲೆ ಕೊಸರು ಬೇಕಿತ್ತಾ? ಊರೋರ್ಗೆಲ್ಲ ಹಾಕ್ದೆ, ನನ್ ಮಗಿಗೇ ಇಲ್ದಂಗೆ ಮಾಡ್ಬುಟ್ನಲ್ಲವ್ವ.”

ಅವರ ಕೈ ಹಿಡಿದುಕೊಂಡು ನಾನೂ ಕಣ್ಣೀರಿಟ್ಟೆ.

ಹೊಸ ತಕ್ಕಡಿ ಬಂತು. ಅತ್ತೆಗೆ ಅದರ ಮೇಲೂ ಭರವಸೆ ಹುಟ್ಟಲಿಲ್ಲ. ಪ್ರತಿ ಊಟಕ್ಕೂ ಬಾಗಿಲಲ್ಲಿ ನಿಂತು, “ಕೊಸರು ಸೇರೈತಾ?” ಎಂದು ಕೇಳುವರು. ಸೇರಿದೆ ಅತ್ತೆ ಎಂದ ಮೇಲೆಯೇ ಮಗುವಿಗೆ ತಟ್ಟೆ ಇಡಲು ಬಿಡುವರು. ಕಳೆದ ಬೇಸಗೆಯಲ್ಲಿ, ಹಾಲು ಕರೆದು ತಂದಿಟ್ಟು ಜಗಲಿಯಲ್ಲಿ ಒರಗಿದವರು ಏಳಲೇ ಇಲ್ಲ.

ಬಾಗಿಲು ಈಗ ಖಾಲಿ. ನಿನ್ನೆ ಎಣ್ಣೆ ತೂಗಿ, ತಟ್ಟೆಗೆ ಬಗ್ಗಿಸಲು ಬಟ್ಟಲು ಎತ್ತಿದ್ದೆ. ಸಿರಿ ಬಂದು, ಥೇಟ್ ಅವಳಜ್ಜಿಯಂತೆ ಕೈಗಳನ್ನು ಲಂಗದೊಳಗೆ ಸುತ್ತಿಕೊಂಡು ನಿಂತಳು.

“ಅಮ್ಮಾ, ಕೊಸರು ಸೇರೈತಾ?”

ಬಟ್ಟಲನ್ನು ಮತ್ತೆ ತಕ್ಕಡಿಯ ಮೇಲಿಟ್ಟೆ.