ಸೂಜಿಗೆ ದಾರ, ತೋಟಕ್ಕೆ ಸುತ್ತು

ಎಂಬತ್ತರ ದಶಕದ ಮೊದಲಲ್ಲಿ ನಾನು ಹೊಲಿಗೆ ಮೆಷಿನ್ ರಿಪೇರಿಗೆಂದು ಕುಣಿಗಲ್ ಕಡೆಯೆಲ್ಲ ತಿರುಗುತ್ತಿದ್ದೆ. ಅಮೃತೂರಿನಲ್ಲಿ ಮಿಲಿಟರಿಯಿಂದ ರಿಟೈರಾದ ಹವಾಲ್ದಾರರೊಬ್ಬರ ಮನೆಯಲ್ಲಿ ಮೆಷಿನ್ ಸರಿಮಾಡಿ ಏಳುವಾಗ ಗೋಡೆಯ ಫೋಟೊ ಕಣ್ಣಿಗೆ ಬಿತ್ತು. ಸುತ್ತ ಹಿಮ, ಅವರ ಕಾಲಿಗೆ ಉದ್ದನೆಯ ಹಲಗೆ, ಬೆನ್ನಿಗೆ ಬಂದೂಕು.

“ಬಯಾಥ್ಲಾನ್ ಕಣಯ್ಯ. ಹಿಮದ ಮೇಲೆ ಜಾರ್ಕೊಂಡ್ ಓಡೋದು, ನಿಂತು ಗುರಿ ಹೊಡೆಯೋದು. ಚಳಿ ದೇಶದ ಸಿಪಾಯಿಗಳು ಹಿಂಗೇ ಗಸ್ತು ತಿರುಗ್ತಿದ್ರು. ಆಮೇಲೆ ಅದೇ ಒಲಿಂಪಿಕ್ಸ್ ಆಟ ಆಯ್ತು.”

“ಓಡೋದು, ಹೊಡೆಯೋದು. ಅದ್ರಲ್ಲೇನ್ ಸಾರ್ ಕಷ್ಟ?” ಅಂದುಬಿಟ್ಟೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

ಅವರು ಮೆಷಿನ್ ಸೂಜಿಯಿಂದ ದಾರ ಎಳೆದು ಹಾಕಿದರು. “ತೆಂಗಿನ ತೋಟ ಒಂದ್ ಸುತ್ತು ಓಡ್ಬಂದು ದಾರ ಪೋಣಿಸು. ತಪ್ಪಿದ್ರೆ ಇನ್ನೊಂದ್ ಸುತ್ತು. ಆಟದಲ್ಲೂ ಗುರಿ ತಪ್ಪಿದ್ರೆ ಹಂಗೇಯ.”

ಕಣ್ಣು ಮುಚ್ಚಿ ದಾರ ಪೋಣಿಸುವವನು ನಾನು. ಅವತ್ತು ಮಾತ್ರ ಒಂದು ಸುತ್ತು ಓಡಿ ಬಂದು ಕೂತರೆ ಎದೆ ಡವಡವ ಅನ್ನುತ್ತಿತ್ತು, ದಾರ ಸೂಜಿಯ ಅಕ್ಕಪಕ್ಕವೆಲ್ಲ ಹೋಯಿತು, ತೂತಿಗೆ ಹೋಗಲಿಲ್ಲ. ಎರಡನೇ ಸುತ್ತಿನ ನಂತರವೂ ಅದೇ ಕಥೆ. ಮೂರನೇ ಸುತ್ತಿನಲ್ಲಿ ತೆಂಗಿನ ಮರಗಳ ಸಂದಿಯಲ್ಲಿ ನೋಡಿದೆ, ನಾನು ಹಿಡಿಯಬೇಕಿದ್ದ ತುಮಕೂರು ಬಸ್ಸು ಹೊರಟೇ ಹೋಯಿತು.

ಬೆವರು ಸುರಿಸುತ್ತ ಸೂಜಿಯ ಮುಂದೆ ಕೂತೆ. ಹವಾಲ್ದಾರರು ಹೆಗಲ ಮೇಲೆ ಕೈಯಿಟ್ಟರು. “ಅರ್ಧ ಉಸ್ರು ಬುಟ್ಟು ಹಿಡ್ಕೊ. ಈಗ ಹಾಕು.”

ದಾರ ಹೋಯಿತು.

ಇವತ್ತಿಗೂ ನಾನು ಅರ್ಧ ಉಸಿರು ಹಿಡಿದೇ ದಾರ ಪೋಣಿಸುವುದು. ಹಿಮವನ್ನು ಫ್ರಿಜ್ಜಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಆದರೂ ಒಲಿಂಪಿಕ್ಸ್ ಆಟವಾಡಿ ಎರಡು ಸುತ್ತು ದಂಡ ತೆತ್ತ ರಿಪೇರಿಯವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ.