ಹೊಕ್ಕುಳಿದ್ದ ಬಟ್ಟಲು

ಐಸ್‌ಕ್ರೀಮ್ ಡಬ್ಬಿಗಳನ್ನು ತೊಳೆದು ಎತ್ತಿಡುವ ಜಾತಿಗೆ ನೀವೂ ಸೇರಿದ್ದರೆ ನನ್ನ ಸಂಕಟ ಅರ್ಥವಾದೀತು. ಇಂದು ಬೆಳಿಗ್ಗೆ ಸುಮಂಗಲಕ್ಕ ಕಳಿಸಿದ ಪಂಚಮಿ ಉಂಡಿ ಬಂತು. ಈ ಸಲವೂ ಐಸ್‌ಕ್ರೀಮ್ ಡಬ್ಬಿಯಲ್ಲೇ.

ಅವರು ಧಾರವಾಡದವರು, ನಾನು ಕುಂದಾಪುರದವಳು. ಕಡಲಾಚೆಯ ಈ ಕೆಂಟನ್‌ನಲ್ಲಿ ನಮ್ಮ ಮನೆಗಳ ನಡುವೆ ಎರಡೇ ಬೀದಿ. ಕೆಲವು ವರ್ಷಗಳ ಹಿಂದೆ ಶನಿವಾರಗಳಂದು ಇಬ್ಬರೂ ಎಜ್‌ವೇರ್ ಕಡೆಯ, ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಗಳನ್ನು ಸುತ್ತುತ್ತಿದ್ದೆವು. ಅವರಿಗೆ ಬಾಯಿಂದ ಊದಿ ಮಾಡಿದ ಹಳೆಯ ಗಾಜಿನ ಹುಚ್ಚು. ನನಗೆ, ಅವರಿಗೆ ಸಿಕ್ಕಿದ್ದೆಲ್ಲ ನನಗೂ ಬೇಕೆಂಬ ಹುಚ್ಚು.

ಮೊದಲ ದಿನವೇ ಒಂದು ಬಟ್ಟಲು ಕಂಡಿತ್ತು. ಹಸಿರಿನೊಳಗೆ ಜೇನುಬಣ್ಣದ ಸುರುಳಿ. ನಾನೇ ಮೊದಲು ಎತ್ತಿದ್ದು. ತಳ ಒರಟಾಗಿತ್ತು, ಡ್ಯಾಮೇಜ್ ಎಂದು ಕೆಳಗಿಟ್ಟೆ. ಸುಮಂಗಲಕ್ಕ ಅದನ್ನು ತಿರುವಿ ತಳದ ಮೇಲೆ ಹೆಬ್ಬೆರಳಾಡಿಸಿದರು. ಬಿಸಿ ಗಾಜನ್ನು ಹಿಡಿದ ಕಂಬಿಯಿಂದ ಬಟ್ಟಲನ್ನು ಮುರಿದು ಬಿಡಿಸಿದಲ್ಲಿ ಆ ಗುರುತು ಉಳಿಯುತ್ತದಂತೆ.

“ಹೊಕ್ಕಳ ಐತಿ ನೋಡ್ರಿ! ಮಷಿನ್‌ದಾಗ ಹುಟ್ಟಿದ್ದಕ್ಕ ಹೊಕ್ಕಳ ಎಲ್ಲಿಂದ ಬರಬೇಕು?” ಎಂದು ಕೊಂಡೇಬಿಟ್ಟರು.

ಆಗ ನನ್ನ ಹೊಟ್ಟೆಯಲ್ಲಿದ್ದ ಕಿಚ್ಚಿನಲ್ಲಿ ಒಂದು ಡಜನ್ ಬಟ್ಟಲು ಊದಬಹುದಿತ್ತು.

ಆ ವರ್ಷದ ಪಂಚಮಿಗೆ ಅವರ ಯಜಮಾನರು ಅವಸರದಲ್ಲಿ ಕೈಗೆ ಸಿಕ್ಕ ಪಾತ್ರೆಗಳಿಗೆಲ್ಲ ಉಂಡಿ ತುಂಬಿ ನಾಲ್ಕು ಮನೆಗೆ ಕೊಟ್ಟು ಬಂದರು. ನಮ್ಮ ಪಾಲಿಗೆ ಬಂದದ್ದು ಅದೇ ಬಟ್ಟಲು. ಉಂಡಿ ಎರಡೇ ದಿನದಲ್ಲಿ ಮುಗಿಯಿತು. ಬಟ್ಟಲನ್ನು ತೊಳೆದು ಕಿಟಕಿಯಲ್ಲಿಟ್ಟೆ. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದುಂಟೇ? ಚೌತಿಗೆ ಚಕ್ಕುಲಿ ಮಾಡುತ್ತೇನಲ್ಲ, ಆಗ ತುಂಬಿ ಕೊಟ್ಟರಾಯಿತು ಎಂದುಕೊಂಡೆ. ಸಂಪ್ರದಾಯ ನನಗೆ ಅಷ್ಟು ಪ್ರಿಯವಾಗಿದ್ದು ಅದೇ ಮೊದಲು.

ವಾರ ಕಳೆದ ಮೇಲೆ ಸುಮಂಗಲಕ್ಕನ ಫೋನು.

“ನಮ್ಮನಿಯವರು ಆ ಬಟ್ಟಲಾ ಒಡದು ಬಿನ್‌ನ್ಯಾಗ ಹಾಕ್ಯಾರ. ಕೇಳಿದ್ರ ನೆನಪಿಲ್ಲಂತಾರ. ನಾಕ್ ದಿನಾತು, ನಾ ಅವರ ಕೂಡ ಮಾತಾಡಿಲ್ಲ.”

ಅಳುತ್ತಿದ್ದರು. ಬಟ್ಟಲು ನನ್ನೆದುರಿಗೇ ಬಿಸಿಲು ಕಾಯಿಸುತ್ತಿತ್ತು. “ಅಯ್ಯೋ, ಪಾಪ,” ಎಂದೆ. ಅಷ್ಟೇ ಎಂದೆ.

ಚೌತಿಯಂದು ಚಕ್ಕುಲಿ ತುಂಬಿಕೊಂಡು ಹೋದೆ. “ಖಾಲಿ ಕೊಡಬಾರದಲ್ಲ, ಅದಕ್ಕೇ ತಡವಾಯ್ತು...” ಸುಮಂಗಲಕ್ಕ ಎರಡೂ ಕೈಯಲ್ಲಿ ಬಟ್ಟಲನ್ನು ತೆಗೆದುಕೊಂಡರು. ಒಳಗೆ ಕೂತಿದ್ದ ಗಂಡನತ್ತ ತಿರುಗಿ, “ತಪ್ಪಾತ್ರಿ ನಂದು,” ಎಂದರು. ನನಗೆ ಚಹಾ ಕೊಟ್ಟರು.

ಮುಂದಿನ ಹಬ್ಬದಿಂದ ಉಳಿದವರಿಗೆ ಸ್ಟೀಲ್ ಡಬ್ಬಿ, ನನಗೆ ಮಾತ್ರ ಐಸ್‌ಕ್ರೀಮ್ ಡಬ್ಬಿ. ಜೊತೆಗೊಂದು ಮಾತು: “ಡಬ್ಬಿ ಹೊಳ್ಳಿ ಕೊಡೂದ ಬ್ಯಾಡ್ರಿ.”

ಆಮೇಲೆ ಹುಡುಕಿ ಹುಡುಕಿ ನನಗೂ ಒಂದು ಸಿಕ್ಕಿತು, ಒಂದೇ ಒಂದು. ನೀಲಿ ಬಟ್ಟಲು, ಹೊಕ್ಕುಳಿದೆ. ಮನೆಗೆ ಬಂದವರಿಗೆಲ್ಲ ಬೋರಲು ಹಾಕಿ ತೋರಿಸುತ್ತೇನೆ. ಇವತ್ತು ಸಂಜೆ ಅದರ ತುಂಬ ಕೋಡುಬಳೆ ಹಾಕಿ ಅವರ ಬಾಗಿಲಿಗೆ ಹೋದೆ. ಸುಮಂಗಲಕ್ಕ ನನ್ನನ್ನು ನೋಡಿದರು, ಬಟ್ಟಲನ್ನು ನೋಡಿದರು. ಹೆಬ್ಬೆರಳು ತಳಕ್ಕೆ ಹೋಯಿತು.

“ಚೌತಿ ಮಟಾ ಇಟ್ಕೊಳ್ಳಲೇನ್ರಿ?”

“ಇಟ್ಕೊಳ್ಳಿ ಅಕ್ಕ. ಕಿಟಕಿಯಲ್ಲಿಟ್ರೆ ಇನ್ನೂ ಚೆಂದ ಕಾಣುತ್ತೆ,” ಎಂದೆ. ಹೇಳುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ.