ಮಿಸ್ತ್ರಿಯ ಗೋಡೆಗೆ ಸುಣ್ಣ ಹೊಡೆಸಿದೆ

ಆಯುಧಪೂಜೆಗೆಂದು ನಾನು ಸುಣ್ಣ ಹೊಡೆಸಿದ್ದ ಗೋಡೆಯನ್ನು ಬಸಪ್ಪಜ್ಜ ಉಗುರಿನಿಂದ ಕೆರೆದು ನೋಡಿದರು. ಯರಗಟ್ಟಿಯಲ್ಲಿ ಬೀಜ ಬಿತ್ತುವ ಟ್ರ್ಯಾಕ್ಟರ್ ಕೂರಿಗೆ ತಯಾರಿಸುವ ನಮ್ಮ ಶೆಡ್ಡಿಗೆ ಅವರೇ ಹಿರಿಯ ಮಿಸ್ತ್ರಿ. ಬಿತ್ತನೆ ಮುಗಿಸಿ ಬಂದ ರೈತರ ಒಂದೊಂದು ದೂರನ್ನೂ, ಯಾವ ಹೊಲದಲ್ಲಿ ಯಾವ ಕಾಳಿಗೆ ಕೂರಿಗೆಯಲ್ಲಿ ಎಷ್ಟು ದೊಡ್ಡ ತೂತು ಬೇಕೆಂಬುದನ್ನೂ ಇಪ್ಪತ್ತು ವರ್ಷ ಅದೇ ಗೋಡೆಗೆ ಇದ್ದಿಲಿನಲ್ಲಿ ಬರೆದಿದ್ದರು. ಅದನ್ನು ನೋಡಿಯೇ ಪ್ರತಿ ವರ್ಷ ಕೂರಿಗೆ ತಿದ್ದುತ್ತಿದ್ದರು. ನನ್ನ ಕಣ್ಣಿಗೆ ಅದು ಬರೀ ಮಸಿ.

“ನೆನಪಿದ್ದಷ್ಟು ಹೇಳ್ರಿ ಅಜ್ಜಾರ, ಬರ್ಕೋತೇನಿ,” ಎಂದೆ.

“ನೆನಪ ಇರತಿದ್ರ ಗ್ವಾಡಿಗೆ ಯಾಕ ಬರೀತಿದ್ನಿರಿ, ಸಾವಕಾರ್ರ?”

ಆ ಹಿಂಗಾರಿಯಲ್ಲಿ ನಮ್ಮ ಕೂರಿಗೆಯಿಂದ ಕಡಲೆ ಒಂದು ಕಡೆ ಗುಂಪಾಗಿ ಬಿತ್ತು, ಇನ್ನೊಂದು ಕಡೆ ಬೀಳಲೇ ಇಲ್ಲ. ರೈತರು ಕಂಪನಿ ಯಂತ್ರಕ್ಕೆ ಹೋದರು. ಈಗ ಆ ಗೋಡೆಯ ಬುಡದಲ್ಲಿ ನಾನೇ ಇದ್ದಿಲು ಇಟ್ಟಿದ್ದೇನೆ. ದೂರು ಹೇಳಲು ಒಬ್ಬರೂ ಬರುವುದಿಲ್ಲ.